ಬಿಟ್ಟು ಬರುವುದು

ಕಳೆದ ಆಷಾಢದ ಒಂದು ಮುಂಜಾನೆ ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಗೋಣಿಚೀಲವಿತ್ತು. ಕೊಪ್ಪಳದಲ್ಲಿ ಆಷಾಢವೆಂದರೆ ಮಳೆಗಿಂತ ಗಾಳಿಯೇ ಹೆಚ್ಚು. ಇರುಳೆಲ್ಲ ಬೀಸಿದ ಗಾಳಿ ಬೇವಿನೆಲೆಗಳನ್ನು ಅಂಗಳದ ತುಂಬ ಹರಡಿತ್ತು. ನಾಲ್ಕು ಹನಿಯೂ ಬಿದ್ದಿತ್ತು. ಚೀಲ ಅಲುಗಾಡಿದ್ದನ್ನು ಕಂಡು ಮೊದಲು ನಾನು ಹೆಗ್ಗಣವೆಂದುಕೊಂಡೆ. ಬಾಯಿಗೆ ಸಡಿಲವಾಗಿ ಸುತ್ತಿದ್ದ ಹುರಿ ಬಿಚ್ಚಿ ನೋಡಿದರೆ ಐದು ಬೆಕ್ಕಿನ ಮರಿಗಳು. ಎರಡಕ್ಕೆ ಕಣ್ಣು ಅರೆ ತೆರೆದಿದ್ದವು. ಉಳಿದ ಮೂರಕ್ಕೆ ಅದೂ ಇಲ್ಲ. ಅವುಗಳ ಕೆಳಗೆ ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿತ್ತು. ಆ ಹಾಸಿಗೆಯನ್ನು ನಾನು ನೋಡಿದೆ, ಆದರೆ ಗಮನಿಸಲಿಲ್ಲ. ನನ್ನ ಮನಸ್ಸಿನ ತುಂಬ ಆಗ ಇದ್ದದ್ದು ಸಿಟ್ಟು.

ಇಟ್ಟುಹೋದವರು ನನ್ನನ್ನು ಬಲ್ಲವರೇ ಇರಬೇಕು. ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಹಿತ್ತಲ ಕಡೆಯ ಒಂದು ಕೋಣೆಯನ್ನು ತಾಯಿಯಿಲ್ಲದ ಮರಿಗಳಿಗೆಂದು ಬಿಟ್ಟುಕೊಟ್ಟಿದ್ದೇನೆ. ಬೆಂಗಳೂರಿನಂತಹ ಊರುಗಳಲ್ಲಿ ಇದಕ್ಕೆಂದೇ ಸಂಸ್ಥೆಗಳಿವೆ, ವೈದ್ಯರಿದ್ದಾರೆ, ರಾತ್ರಿಯ ಪಾಳಿಗೆ ಸ್ವಯಂಸೇವಕರಿದ್ದಾರೆ. ನನ್ನದು ಎಂಟಡಿ ಹತ್ತಡಿಯ ಕೋಣೆ, ಮೂರು ರಟ್ಟಿನ ಪೆಟ್ಟಿಗೆ, ಒಂದು ತೂಕದ ಯಂತ್ರ ಮತ್ತು ನನ್ನ ಹೆಂಡತಿಯ ತಾಳ್ಮೆ. ಓಣಿಯ ಹುಡುಗರು ಇದನ್ನು ‘ಬೆಕ್ಕಿನ ಸಾಲಿ’ ಎನ್ನುತ್ತಾರೆ. ಮಾಸ್ತರನ ಕೋಣೆಗೆ ಬೇರೆ ಯಾವ ಹೆಸರು ಬಂದೀತು?

“ನೋಡಿದೇನ, ಯಾರೋ ಪುಣ್ಯಾತ್ಮರು ಬಿಟ್ಟು ಹೋಗ್ಯಾರ” ಎಂದೆ ಹೆಂಡತಿಗೆ.

“ಕೊಲ್ಲಲಿಲ್ಲಲ್ಲ, ಅಷ್ಟರ ಮಟ್ಟಿಗೆ ಪುಣ್ಯಾತ್ಮರ. ಮದ್ಲ ಒಳಗ ತರ್ರಿ. ಬೈಯೂದು ಆಮ್ಯಾಲ ಬೈಯ್ರಂತ” ಎಂದಳು.

ನಾನು ಬೈಯುವುದನ್ನೂ ಮುಂದಕ್ಕೆ ಹಾಕಲಿಲ್ಲ. ಕಟ್ಟೆಯ ಮೇಲೆ ನಿಂತು, ಓಣಿಗೆಲ್ಲ ಕೇಳುವಂತೆ, ಬಿಟ್ಟು ಹೋದವರ ಕೈ ಸೇದಿಹೋಗಲಿ ಎಂದು ಶಾಪ ಹಾಕಿಯೇ ಒಳಗೆ ಹೋದೆ. ಮರುದಿನವೂ ಅದನ್ನೇ ಮಾಡಿದೆ.

ಕೊಲ್ಲಲಿಲ್ಲವಲ್ಲ! ಬಿಸಿನೀರಿನ ಶೀಶೆಗೆ ಬಟ್ಟೆ ಸುತ್ತುತ್ತಿರುವಾಗ ಹೆಂಡತಿಯ ಆ ಮಾತು ತಲೆಯಲ್ಲಿ ಸುಳಿಯುತ್ತಲೇ ಇತ್ತು. ಬೆಕ್ಕನ್ನು ಕೊಲ್ಲುವುದು ಮಹಾಪಾಪವೆಂದು ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಿರಿಯರು ಹೇಳುತ್ತ ಬಂದಿದ್ದಾರೆ. ಬೆಕ್ಕು ಅಡ್ಡ ಬಂತೆಂದು ಹೊರಟ ಕೆಲಸ ಬಿಟ್ಟು ಅರೆಗಳಿಗೆ ಕೂರುವವನೂ, ಹಾಲಿಗೆ ಬಾಯಿ ಹಾಕಿತೆಂದು ಬಡಿಗೆ ಎತ್ತಿದವನೂ ಅದರ ಪ್ರಾಣ ತೆಗೆಯಲು ಮಾತ್ರ ಹಿಂಜರಿಯುತ್ತಾರೆ. ಆದರೆ ಬೆಕ್ಕು ನಮ್ಮ ಹಿಂಜರಿಕೆಯ ಲೆಕ್ಕ ಹಿಡಿದು ಮರಿ ಹಾಕುವುದಿಲ್ಲ. ಗರ್ಭದ ಕಾಲ ಎರಡು ತಿಂಗಳ ಮೇಲೆ ಮೂರು ನಾಲ್ಕು ದಿನ. ವರ್ಷಕ್ಕೆ ಎರಡು ಮೂರು ಸೂಲು. ಒಂದೊಂದು ಸೂಲಿಗೆ ಮೂರು, ನಾಲ್ಕು, ಐದು ಮರಿ. ಅವುಗಳಲ್ಲಿ ಹೆಣ್ಣಾದದ್ದು ಐದಾರು ತಿಂಗಳಿಗೇ ತಾನೂ ಬಸಿರಾಗಬಲ್ಲದು. ಯಲಬುರ್ಗಾ, ಕುಷ್ಟಗಿ ಕಡೆಯ ಎರೆನೆಲದಲ್ಲಿ ಜೋಳವನ್ನು ಹಗೇವಿನಲ್ಲಿಯೂ ಕಣಜದಲ್ಲಿಯೂ ತುಂಬಿಡುತ್ತಿದ್ದ ಕಾಲಕ್ಕೆ ಮನೆಗೊಂದು ಬೆಕ್ಕು ಬೇಕೇ ಬೇಕಾಗಿತ್ತು. ಈಗ ಹಗೇವು ಅಪರೂಪ. ಕಾಳು ತಗಡಿನ ಡಬ್ಬಿಯಲ್ಲಿರುತ್ತದೆ. ಬೆಕ್ಕಿನ ಉದ್ಯೋಗ ಕಡಮೆಯಾಯಿತೇ ಹೊರತು ಅದರ ಸಂಸಾರ ಕಡಮೆಯಾಗಲಿಲ್ಲ.

ಹಾಗಾಗಿ ನಾವು ಒಂದು ಉಪಾಯ ಕಂಡುಕೊಂಡಿದ್ದೇವೆ. ಮರಿಗಳನ್ನು ಚೀಲಕ್ಕೆ ಹಾಕಿ ಹಳ್ಳದಾಚೆ ಬಿಟ್ಟು ಬರುವುದು. ಸಂತೆಯ ಬಯಲಿನಲ್ಲಿ ಬಿಟ್ಟು ಬರುವುದು. ಗಂಗಾವತಿಯ ಕಡೆಯಾದರೆ ಅಕ್ಕಿ ಗಿರಣಿಯ ಗೋಡೆಯ ಹಿಂದೆ ಬಿಟ್ಟು ಬರುವುದು. “ಅಲ್ಲಿ ಇಲಿ ಅದಾವ, ಹ್ಯಾಂಗರ ಬದುಕ್ತಾವ” ಎಂದು ಸಮಾಧಾನ. ೧೯೫೩ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಗಂಗಾವತಿಯ ಸೀಮೆ ಭತ್ತದ ಕಣಜವಾಯಿತು. ಭತ್ತ ಬಂದಲ್ಲಿ ಗಿರಣಿ ಬಂತು, ಗಿರಣಿ ಬಂದಲ್ಲಿ ಇಲಿ ಬಂತು, ಇಲಿಯ ಬೆನ್ನು ಹಿಡಿದು ಬೆಕ್ಕು ಬಂತು. ಬೆಳೆದ ಬೆಕ್ಕಾದರೆ ಅಲ್ಲಿ ನಿಜವಾಗಿಯೂ ಬದುಕೀತು. ಹತ್ತು ದಿನದ ಮರಿ?

ಹತ್ತು ದಿನದ ಮರಿ ಎಂದರೇನೆಂಬುದನ್ನು ಒಮ್ಮೆ ಹೇಳಿಬಿಡುತ್ತೇನೆ. ಹುಟ್ಟುವಾಗ ಅದರ ತೂಕ ಸುಮಾರು ನೂರು ಗ್ರಾಂ. ಕಣ್ಣು ತೆರೆಯುವುದು ಒಂದರಿಂದ ಎರಡು ವಾರದೊಳಗೆ. ಮೊದಲ ಮೂರು ನಾಲ್ಕು ವಾರ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಅದಕ್ಕೆ ಸಾಲದು. ತಾಯಿಯ ಹೊಟ್ಟೆಯೇ ಅದರ ಒಲೆ. ನಮ್ಮ ಬಿಸಿಲ ನಾಡಿನಲ್ಲಿ ಪ್ರಾಣಿಯೊಂದು ಚಳಿಯಿಂದ ಸಾಯುತ್ತದೆಯೆಂದರೆ ನಗುವವರಿದ್ದಾರೆ; ಆದರೆ ನೆನೆದ ಚೀಲದಲ್ಲಿ ಗಾಳಿಗೊಡ್ಡಿದ ಮರಿ ಹಸಿವಿಗಿಂತ ಮೊದಲು ಚಳಿಯಿಂದಲೇ ಸಾಯುತ್ತದೆ. ಅದಕ್ಕೆ ತಾನಾಗಿ ಉಚ್ಚೆ ಹೊಯ್ಯುವುದೂ ಬಾರದು. ತಾಯಿ ನೆಕ್ಕಿದರೆ ಮಾತ್ರ ಒಳಗಿನದು ಹೊರಬರುತ್ತದೆ. ಇಂಥ ಜೀವವನ್ನು ಬಿಟ್ಟು ಬಂದು ‘ಹೇಗಾದರೂ ಬದುಕೀತು’ ಎನ್ನುವವನು ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಾನೆ.

ಕೊಲ್ಲುವುದಕ್ಕೂ ಬಿಟ್ಟು ಬರುವುದಕ್ಕೂ ಹಾಗಾದರೆ ಭೇದವೇನು? ಫಲ ಒಂದೇ, ಭೇದವಿರುವುದು ನಮ್ಮ ಕಣ್ಣಿನಲ್ಲಿ. ಕೊಲ್ಲುವವನು ಸಾವನ್ನು ನೋಡಬೇಕಾಗುತ್ತದೆ. ಬಿಟ್ಟು ಬಂದವನು ಬೆನ್ನು ತಿರುಗಿಸಿ ನಡೆದರೆ ಸಾಕು; ಮುಂದಿನದನ್ನು ಹಳ್ಳ ನೋಡಿಕೊಳ್ಳುತ್ತದೆ, ನಾಯಿ ನೋಡಿಕೊಳ್ಳುತ್ತದೆ, ದೇವರು ನೋಡಿಕೊಳ್ಳುತ್ತಾನೆ. ನಮ್ಮ ಪುರಾಣಗಳಿಗೆ ಈ ಬೆನ್ನು ತಿರುಗಿಸುವಿಕೆಯ ಪರಿಚಯ ಚೆನ್ನಾಗಿದೆ. ಕುಂತಿ ಪೆಟ್ಟಿಗೆಯನ್ನು ಹೊಳೆಗೆ ಬಿಟ್ಟಳು. ಲಕ್ಷ್ಮಣ ತುಂಬು ಬಸುರಿಯನ್ನು ಕಾಡಿನಲ್ಲಿ ಬಿಟ್ಟು ರಥ ತಿರುಗಿಸಿದ. ಅವರನ್ನು ಕೊಲೆಗಾರರೆಂದು ನಾವು ಕರೆಯುವುದಿಲ್ಲ; ಆದರೂ ಆ ಕಥೆಗಳು ಬಂದಾಗ ನಮಗೆ ನೆಮ್ಮದಿಯೂ ಇರುವುದಿಲ್ಲ. ನಮ್ಮ ಕಾಯಿದೆಯೂ ಈ ವಿಷಯದಲ್ಲಿ ಕುರುಡಲ್ಲ. ೧೯೬೦ರ ಪ್ರಾಣಿಹಿಂಸೆ ತಡೆ ಅಧಿನಿಯಮದಲ್ಲಿ, ತಕ್ಕ ಕಾರಣವಿಲ್ಲದೆ ಹಸಿವು ನೀರಡಿಕೆಗಳಿಂದ ನರಳುವಂತಹ ಸ್ಥಿತಿಯಲ್ಲಿ ಯಾವುದೇ ಪ್ರಾಣಿಯನ್ನು ಬಿಟ್ಟುಹೋಗುವುದನ್ನೂ ಹಿಂಸೆಯೆಂದೇ ಎಣಿಸಿದೆ. ಮೊದಲ ತಪ್ಪಿಗೆ ದಂಡ ೧೦ ರೂಪಾಯಿಯಿಂದ ೫೦ ರೂಪಾಯಿಯವರೆಗೆ. ಜೀವಿಗಳಲ್ಲಿ ದಯೆಯಿಡುವುದು ನಾಗರಿಕನ ಕರ್ತವ್ಯವೆಂದು ೧೯೭೬ರಲ್ಲಿ ಸಂವಿಧಾನಕ್ಕೂ ಸೇರಿಸಿದ್ದಾರೆ. ಕರ್ತವ್ಯ ದೊಡ್ಡದು, ದಂಡ ಸಣ್ಣದು, ನಡುವೆ ಗೋಣಿಚೀಲ.

ಇಷ್ಟೆಲ್ಲ ನ್ಯಾಯ ಹೇಳುವ ಅಧಿಕಾರ ನನಗೆ ಹೇಗೆ ಬಂತೆಂದು ವಾಚಕರು ಕೇಳಬಹುದು. ಬಂದಿಲ್ಲ. ಅದನ್ನೂ ಹೇಳಿಬಿಡುತ್ತೇನೆ.

ಬಹಳ ವರ್ಷಗಳ ಹಿಂದೆ ನಾನು ಯಲಬುರ್ಗಾದಲ್ಲಿ ಕೆಲಸದಲ್ಲಿದ್ದಾಗ, ಬಾಡಿಗೆ ಮನೆಯ ಕಟ್ಟಿಗೆಯ ಗೂಡಿನಲ್ಲಿ ಮೂರು ಮರಿಗಳು ಕೂಗುತ್ತಿದ್ದವು. ಸುತ್ತ ನೋಡಿದೆ; ತಾಯಿಯಿಲ್ಲ. ಒಂದು ಗಳಿಗೆ ಕಾದೆ, ಬರಲಿಲ್ಲ. ಮನಸ್ಸು ಕರಗಿತು. ಪೆಟ್ಟಿಗೆಯಲ್ಲಿ ಹಾಕಿಕೊಂಡು ಒಳಗೆ ತಂದು ಬಾಗಿಲು ಹಾಕಿದೆ. ಮಗುವಿಗೆ ಕುಡಿಸುವಂತೆ ಅಂಗಾತ ಮಲಗಿಸಿ, ಒಳಲೆಯಿಂದ ಆಕಳ ಹಾಲು ಹೊಯ್ದೆ. ಅಂದು ರಾತ್ರಿ ನನ್ನ ವಿಷಯದಲ್ಲಿ ನನಗೇ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಮರುದಿನ ಹೊಟ್ಟೆ ಕೆಟ್ಟಿತು. ಒಂದಕ್ಕೆ ಮೂಗಿನಿಂದ ಹಾಲು ಬಂತು. ನಾಲ್ಕನೆಯ ದಿನಕ್ಕೆ ಮೂರೂ ಇರಲಿಲ್ಲ. ಇಷ್ಟೇ ಆಗಿದ್ದರೆ ನಾನು ವಿಧಿಯ ಮೇಲೆ ಹೊರಿಸಿ ಸುಮ್ಮನಾಗುತ್ತಿದ್ದೆನೇನೋ. ಆದರೆ ಮೂರು ರಾತ್ರಿ ಒಂದು ಬೆಕ್ಕು ಕಟ್ಟಿಗೆಯ ಗೂಡನ್ನು ಸುತ್ತಿ ಸುತ್ತಿ ಕೂಗಿತು. ಮನೆಯ ಯಜಮಾನಿಯಾದ ಅಜ್ಜಿ ಹೇಳಿದಳು: “ತಮ್ಮಾ, ಬೆಕ್ಕು ತನ್ನ ಮರಿಗೆ ಏಳು ಮನಿ ತೋರಸ್ತೈತಿ ಅಂತ ಕೇಳಿಲ್ಲೇನ? ಒಂದ ಒಯ್ದು ಇಟ್ಟು ಇನ್ನೊಂದಕ್ಕ ಬರೂದ್ರಾಗ ನೀ ಎತಗೊಂಡು ಹೋಗೀದಿ.”

ಏಳು ಮನೆ ಎನ್ನುವುದು ಹಳ್ಳಿಯ ಮಾತು. ಆದರೆ ಅದರಲ್ಲಿ ನೋಡಿ ತಿಳಿದ ಸತ್ಯವಿದೆ. ತಾಯಿ ಬೆಕ್ಕು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಜಾಗ ಬದಲಿಸುತ್ತದೆ. ಬೇಟೆಗೆಂದು ಗಂಟೆಗಟ್ಟಲೆ ಹೊರಗಿರುತ್ತದೆ. ಮರಿ ಬೆಚ್ಚಗಿದ್ದು ಹೊಟ್ಟೆ ತುಂಬಿದ್ದರೆ ದೂರ ನಿಂತು ಹಲವು ಗಂಟೆ ಕಾಯಬೇಕು. ಎಷ್ಟು ಹಾಲುಪುಡಿಯಿದ್ದರೂ ತಾಯಿಗೆ ಸಮವಲ್ಲ. ನಾನು ಕಾಯಲಿಲ್ಲ. ಕರುಣೆಗೆ ಕಾಯುವ ವ್ಯವಧಾನ ಕಡಮೆ; ಅದಕ್ಕೆ ತನ್ನ ಕೈ ಕೂಡಲೆ ಏನಾದರೂ ಮಾಡಬೇಕು. ಬಿಟ್ಟು ಬಂದವನು ನೋಡಲಾರೆನೆಂದು ಬೆನ್ನು ತಿರುಗಿಸುತ್ತಾನೆ. ನಾನೂ ನೋಡಲಾರೆನೆಂದೇ ಎತ್ತಿಕೊಂಡೆ. ಇಬ್ಬರೂ ಕಳೆದುಕೊಳ್ಳಹೊರಟದ್ದು ನಮ್ಮ ಸಂಕಟವನ್ನು. ಮರಿಯ ಸಂಕಟವೇನೆಂದು ಕೇಳಿದವರು ಇಬ್ಬರಲ್ಲಿ ಒಬ್ಬರೂ ಇಲ್ಲ.

ಹಿತ್ತಲ ಕೋಣೆ ಆರಂಭವಾದದ್ದು ಪುಣ್ಯಕ್ಕಲ್ಲ, ಈ ಸಾಲಕ್ಕೆ. ಆಮೇಲೆ ಪಶುವೈದ್ಯರನ್ನು ಕೇಳಿ, ಪುಸ್ತಕ ಓದಿ, ಕೈಕೆಡಿಸಿಕೊಂಡು ಕಲಿತದ್ದು ಇಷ್ಟು: ತಣ್ಣಗಾದ ಮರಿಗೆ ಹಾಲು ಕುಡಿಸಲೇಬಾರದು, ಮೊದಲು ನಿಧಾನವಾಗಿ ಮೈ ಬೆಚ್ಚಗೆ ಮಾಡಬೇಕು, ಏಕೆಂದರೆ ತಣ್ಣಗಾದ ಹೊಟ್ಟೆ ಅರಗಿಸಲಾರದು. ಆಕಳ ಹಾಲು ಅದಕ್ಕೆ ಒಗ್ಗದು. ಮರಿಗಳಿಗೆಂದೇ ಮಾಡಿದ ಪುಡಿ ಬೇಕು. ಹೊಟ್ಟೆ ಕೆಳಗಾಗಿಸಿಯೇ ಕುಡಿಸಬೇಕು. ಅಂಗಾತ ಹಾಕಿದರೆ ಹಾಲು ಪುಪ್ಪುಸಕ್ಕೆ ಇಳಿಯುತ್ತದೆ. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ಆಮೇಲೆ ಸ್ವಲ್ಪ ತಡೆದು, ರಾತ್ರಿಯೂ ಕುಡಿಸಬೇಕು. ಪ್ರತಿ ಸಲವೂ ಬೆಚ್ಚನೆಯ ಒದ್ದೆ ಬಟ್ಟೆಯಿಂದ ಹಿಂಭಾಗ ಒರೆಸಿ ತಾಯಿಯ ನಾಲಗೆಯ ಕೆಲಸ ಮಾಡಬೇಕು. ದಿನವೂ ಒಂದೇ ಹೊತ್ತಿಗೆ ತೂಗಬೇಕು. ದಿನಕ್ಕೆ ಹತ್ತು ಹದಿನೈದು ಗ್ರಾಂ ಏರಿದರೆ ಸರಿ, ಇಳಿದರೆ ಅಪಾಯ. ಬೇರೆ ಬೆಕ್ಕು ಮುಟ್ಟಿದ ಕೈ ತೊಳೆಯದೆ ಮರಿಯನ್ನು ಮುಟ್ಟಬಾರದು. ನಮ್ಮನ್ನು ಪರಚಿದರೆ ಹದಿನೈದು ನಿಮಿಷ ಸಾಬೂನು ಹಚ್ಚಿ ತೊಳೆದು ವೈದ್ಯರ ಬಳಿ ಹೋಗಬೇಕು. ಇದರಲ್ಲಿ ಕಾವ್ಯವೆಲ್ಲಿದೆ? ರಾತ್ರಿ ಎರಡು ಗಂಟೆಗೆ ಗಡಿಯಾರದ ಗಂಟೆ ಬಾರಿಸಿದಾಗ ಕರುಣೆ ಎಂಬ ಭಾವ ಮೈಲು ದೂರದಲ್ಲಿರುತ್ತದೆ. ಎದ್ದು ನೀರು ಕಾಯಿಸುವುದು ರೂಢಿ, ಕರುಣೆಯಲ್ಲ. ಆದರೂ ಮರಿಯ ದೃಷ್ಟಿಯಿಂದ ರೂಢಿಯೇ ಮೇಲು.

ಶ್ರೀವೈಷ್ಣವರಲ್ಲಿ ಎರಡು ನ್ಯಾಯಗಳ ವಾದವೊಂದಿದೆ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವಚಿಕೊಳ್ಳುತ್ತದೆ. ಹಾಗೆ ಭಕ್ತನೂ ಪ್ರಯತ್ನ ಮಾಡಬೇಕೆಂದು ವಡಗಲೆಯವರು. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ. ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ಹಾಗೆ ಎಲ್ಲ ಭಾರವೂ ಭಗವಂತನದೆಂದು ತೆಂಗಲೆಯವರು. ನಮ್ಮ ಆನೆಗುಂದಿಯ ಸೀಮೆ ಕಿಷ್ಕಿಂಧೆಯೆಂದು ಪ್ರಸಿದ್ಧ. ಅಂಜನಾದ್ರಿಗೆ ಹೋದವರೆಲ್ಲ ತಾಯ ಹೊಟ್ಟೆಗಂಟಿದ ಕೋತಿಮರಿಯನ್ನು ಕಂಡಿದ್ದಾರೆ, ಬಾಳೆಹಣ್ಣು ಕೊಟ್ಟು ಕೈ ಮುಗಿದಿದ್ದಾರೆ. ನಾನು ಯೋಚಿಸುವುದು ಇನ್ನೊಂದನ್ನು. ಕಚ್ಚಿಕೊಂಡು ಒಯ್ಯುವ ತಾಯಿ ಸತ್ತರೆ ಬೆಕ್ಕಿನ ಮರಿಯ ಶರಣಾಗತಿ ಏನಾಗಬೇಕು? ಅದಕ್ಕೆ ಅವಚುವ ಕೈಯೂ ಇಲ್ಲ, ಒಯ್ಯುವ ಬಾಯಿಯೂ ಇಲ್ಲ. ಭಕ್ತನಾದವನು ಆ ಉಪಮಾನದಲ್ಲಿ ತನ್ನನ್ನು ಯಾವಾಗಲೂ ಮರಿಯ ಜಾಗದಲ್ಲಿ ಇಟ್ಟುಕೊಳ್ಳುತ್ತಾನೆ. ಒಮ್ಮೊಮ್ಮೆ ತಾಯಿಯ ಜಾಗದಲ್ಲಿ ನಿಲ್ಲಬೇಕಾಗಿ ಬಂದರೆ ಏನು ಮಾಡಬೇಕೆಂಬುದಕ್ಕೆ ನನಗೆ ಸಿಕ್ಕ ಉತ್ತರ ಬಿಸಿನೀರಿನ ಶೀಶೆ ಮಾತ್ರ.

ಎತ್ತದಿರುವುದೇ ರಕ್ಷಣೆಯಾಗುವ ಕಡೆಯೂ ಉಂಟು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದು ಅಭಯಾರಣ್ಯವಾಗಿದೆ. ತೋಳ ಮರಿ ಹಾಕಿದ ಗುಹೆಯ ಹತ್ತಿರ ಯಾರೂ ಹೋಗದಂತೆ ನೋಡಿಕೊಳ್ಳುವುದೇ ಅಲ್ಲಿ ದಯೆ. ಅಲ್ಲಿ ತಾಯಿಯಿದ್ದಾಳೆ, ನೆಲವಿದೆ. ಹಾಗಾದರೆ ‘ಬಿಡುವುದು’ ಎಂಬ ಕ್ರಿಯೆಯೇ ಪಾಪವಲ್ಲ. ‘ಎತ್ತುವುದು’ ಎಂಬುದೇ ಪುಣ್ಯವಲ್ಲ. ಎದುರಿಗಿರುವ ಜೀವಕ್ಕೆ ಈಗ ಏನು ಬೇಕೆಂದು ನೋಡಿದ ಮೇಲೆ ಎರಡರಲ್ಲಿ ಒಂದು ಸರಿಯಾಗುತ್ತದೆ, ಅಷ್ಟೆ.

ನಮ್ಮ ನೆರೆಮನೆಯ ಸೊಸೆ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತಾಳೆ. ಮರಿಗಳ ತೂಕವನ್ನು ಕೋಷ್ಟಕ ಹಾಕಿ ಬರೆಯುವುದನ್ನು ನನಗೆ ಕಲಿಸಿದವಳು ಆಕೆಯೇ. ಚೀಲ ಬಂದ ಮೂರನೆಯ ದಿನ ಬಂದು ನೋಡಿ, ಬಾಗಿಲಲ್ಲೇ ನಿಂತು ಹೇಳಿದಳು: “ಸರ, ಸಿಟ್ಟಾಗಬ್ಯಾಡ್ರಿ, ಒಂದ ಮಾತ ಕೇಳ್ತೀನಿ. ಬೆಕ್ಕಿನ ಮರಿ ಹತ್ತ ಗ್ರಾಂ ಇಳದ್ರ ನೀವು ನಿದ್ದಿ ಬಿಡ್ತೀರಿ. ನಮ್ಮ ಕೂಸುಗಳ ತೂಕ ಇಳದಾಗ ಯಾರ್ ನಿದ್ದಿ ಬಿಡ್ತಾರ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಜೀವದ ದಯೆ ಇನ್ನೊಂದರ ದಯೆಯನ್ನು ಕಡಮೆ ಮಾಡುವುದಿಲ್ಲವೆಂದು ದೊಡ್ಡ ಮಾತು ಹೇಳಬಹುದಿತ್ತು. ಅದು ಅರ್ಧ ನಿಜ. ದಯೆ ಹಂಚಿದರೆ ತೀರದಿರಬಹುದು. ರಾತ್ರಿ ತೀರುತ್ತದೆ, ಪಿಂಚಣಿ ತೀರುತ್ತದೆ. ಬಾಗಿಲಿಗೆ ಬಂದದ್ದು ಮೊದಲ ಕರ್ತವ್ಯವೆಂದು ಹೇಳಬಹುದಿತ್ತು. ಅದೂ ಪೂರ್ತಿ ಸರಿಯಲ್ಲ. ದೂರದ ಹಳ್ಳಿಯ ಕೂಸುಗಳನ್ನು ಊರಿನವರು ಮರೆಯುವುದು ಇದೇ ನ್ಯಾಯದಿಂದ. ಅವು ನಮ್ಮ ಕಟ್ಟೆಯ ಮೇಲೆ ಇಲ್ಲ, ಅಷ್ಟೇ ಅವುಗಳ ತಪ್ಪು. ಬಿಟ್ಟು ಬರುವುದಕ್ಕೆ ಚೀಲವೇ ಬೇಕೆಂದಿಲ್ಲ, ನೋಡದೆ ಇದ್ದರೂ ಆಯಿತು. ಆಕೆಯ ಮಾತನ್ನು ಗೆಲ್ಲುವ ವಾದ ನನಗೆ ಈಗಲೂ ಸಿಕ್ಕಿಲ್ಲ. ಆದರೆ ಈಗ ವಾರಕ್ಕೆ ಎರಡು ದಿನ ಆಕೆಯ ಜೊತೆ ಬಸ್ಸು ಹತ್ತಿ ಹೋಗುತ್ತೇನೆ. ಕೂಸುಗಳನ್ನು ತೂಗುವ ದಿನ ಪುಸ್ತಕ ಬರೆಯುತ್ತೇನೆ, ಬಾರದ ತಾಯಂದಿರ ಮನೆಗೆ ಹೋಗಿ ಕರೆತರುತ್ತೇನೆ. ಬೆಕ್ಕಿನ ಮರಿ ನನ್ನನ್ನು ಅಲ್ಲಿಗೆ ಕರೆದೊಯ್ಯಿತೆಂದು ನಾನು ಹೇಳುವುದಿಲ್ಲ. ಆಕೆಯ ಪ್ರಶ್ನೆ ಕರೆದೊಯ್ಯಿತು. ಎರಡು ಗ್ರಾಂ ಹೆಚ್ಚು ಕಡಮೆಗೆ ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸ ಮಾತ್ರ ಕೋಣೆಯಿಂದ ಬಂದದ್ದು.

ಐದು ಮರಿಗಳಲ್ಲಿ ಒಂದು ಆ ದಿನವೇ ಹೋಯಿತು. ಅದು ಚೀಲದ ಅಂಚಿನಲ್ಲಿದ್ದು ಎಲ್ಲಕ್ಕಿಂತ ತಣ್ಣಗಾಗಿತ್ತು. ಮೈ ಬೆಚ್ಚಗಾಗುವ ಮೊದಲೇ ಉಸಿರು ನಿಂತಿತು. ಇನ್ನೊಂದು ಎಲ್ಲರಿಗಿಂತ ಸಣ್ಣದು. ಆರು ದಿನ ಬದುಕಿತು. ತೂಕದ ಗೆರೆ ಒಂದು ದಿನ ಏರಿ, ಎರಡು ದಿನ ನಿಂತು, ಇಳಿಯತೊಡಗಿತು. ಪಶುವೈದ್ಯರು ನೋಡಿ, ಆಗುವಷ್ಟು ಮಾಡಿ, ತಲೆಯಾಡಿಸಿದರು. ಆರನೆಯ ರಾತ್ರಿ ಅದು ಕುಡಿಯಲಿಲ್ಲ. ಕೈಯಲ್ಲಿ ಹಿಡಿದು ಕುಳಿತೆ. ಬೆಳಗಿನ ಜಾವ ನಾಲ್ಕಕ್ಕೆ ಕೈಯಲ್ಲಿ ತೂಕವಿತ್ತು, ಮರಿ ಇರಲಿಲ್ಲ.

ಇದೆಲ್ಲ ವ್ಯರ್ಥವಲ್ಲವೆ ಎಂದು ಕೇಳುವವರಿದ್ದಾರೆ. ನೂರರಲ್ಲಿ ಇಷ್ಟು ಬದುಕಿದರೆ ಸಾರ್ಥಕ, ಅದಕ್ಕಿಂತ ಕಡಮೆಯಾದರೆ ನಷ್ಟ ಎಂಬ ಲೆಕ್ಕ ಗಿರಣಿಗೆ ಸರಿ. ಆ ಆರು ದಿನಗಳು ಮರಿಯ ಪಾಲಿಗೆ ಆರು ದಿನಗಳಲ್ಲ, ಇಡೀ ಆಯುಷ್ಯದ ಹತ್ತಿರ ಹತ್ತಿರ ಅರ್ಧ. ಅರ್ಧ ಆಯುಷ್ಯ ಬೆಚ್ಚಗೆ, ಹೊಟ್ಟೆ ತುಂಬಿ ಕಳೆಯಿತು. ಮುಂದೆ ಬದುಕಲಿಲ್ಲವೆಂಬುದರಿಂದ ಆ ಬೆಚ್ಚಗೆ ಸುಳ್ಳಾಗುವುದಿಲ್ಲ.

ಕೊಪ್ಪಳದವರಿಗೆ ಇದು ಹೊಸ ಮಾತೇನೂ ಆಗಬಾರದು. ನಮ್ಮೂರಿನ ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ೧೯೩೧ರಲ್ಲಿ ಬೆಳಕಿಗೆ ಬಂದವು. ಪ್ರಾಕೃತದ ಆ ಬರಹದ ತಾತ್ಪರ್ಯ ಸರಳ: ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಶ್ರಮಪಟ್ಟರೆ ಪಡೆಯಬಲ್ಲ, ಆದ್ದರಿಂದ ದೊಡ್ಡವರೂ ಸಣ್ಣವರೂ ಶ್ರಮಿಸಲಿ. ಉತ್ತರದ ಸ್ತಂಭಶಾಸನವೊಂದರಲ್ಲಿ ಅದೇ ದೊರೆ, ಹಾಲೂಡುವ ಕುರಿ ಮೇಕೆಗಳನ್ನೂ ಆರು ತಿಂಗಳೊಳಗಿನ ಅವುಗಳ ಮರಿಗಳನ್ನೂ ಕೊಲ್ಲಬಾರದೆಂದು ವಿಧಿಸಿದ್ದಾನೆ. ಎರಡು ಸಾವಿರ ವರ್ಷಗಳ ಹಿಂದೆಯೇ ಮರಿಯ ವಯಸ್ಸನ್ನು ತಿಂಗಳುಗಳಲ್ಲಿ ಎಣಿಸಿದ ಅರಸು! ಆದರೆ ಅವನ ಮಾತಿನಲ್ಲಿ ನನಗೆ ಹಿಡಿಸುವುದು ದಯೆಗಿಂತ ‘ಶ್ರಮ’. ಸಾಮ್ರಾಟನು ಕಲ್ಲಿನ ಮೇಲೆ ಬರೆಸಿದ ಆಜ್ಞೆಯನ್ನು ರಾತ್ರಿ ಎದ್ದು ನಡೆಸಬೇಕಾದವನು ಸಣ್ಣವನೇ ತಾನೆ?

ಮೂರು ಮರಿಗಳು ಉಳಿದವು. ನಾಲ್ಕನೆಯ ವಾರಕ್ಕೆ ತಟ್ಟೆಯಿಂದ ನೆಕ್ಕಲು ಕಲಿತವು. ಆರನೆಯ ವಾರಕ್ಕೆ ಪೆಟ್ಟಿಗೆ ಹತ್ತಿ ಇಳಿದು ಕೋಣೆಯನ್ನು ರಣರಂಗ ಮಾಡಿದವು. ಈ ದಿನಗಳಲ್ಲಿ ನಮಗೆ ಹಾಲು ಹಾಕುವ ಹೆಣ್ಣುಮಗಳು ಪ್ರತಿ ಮುಂಜಾನೆ “ಹ್ಯಾಂಗದಾವ್ರಿ ಮರಿ?” ಎಂದು ಕೇಳುತ್ತಿದ್ದಳು. ಎರಡು ಸತ್ತವೆಂದಾಗ ಕ್ಯಾನು ಕೆಳಗಿಟ್ಟು ಸ್ವಲ್ಪ ಹೊತ್ತು ನಿಂತಳು. ಹಳ್ಳಿಯವಳ ಮರುಕವೆಂದುಕೊಂಡೆ. ಮರಿಗಳು ಓಡಾಡುವುದನ್ನು ನೋಡಿದ ದಿನ ಅವಳೇ ಬಾಯಿ ಬಿಟ್ಟಳು.

“ಮಾಸ್ತರ್ರ, ಇವನ್ನ ತಂದಿಟ್ಟಾಕಿ ನಾನ ಅದೀನ್ರಿ. ತಾಯಿ ಬೆಕ್ಕಿನ ಮ್ಯಾಲೆ ಟಂಟಂ ಹಾದು ಹೋತು. ಬಟ್ಟಿ ಅದ್ದಿ ಹಾಲು ಕುಡಿಸಿ ನೋಡಿದ್ನಿ, ಕುಡೀಲಿಲ್ಲ. ನಿಮ್ಮನ್ನ ಎಬ್ಬಸಬೇಕಂದ್ರ ಇನ್ನಾ ಕತ್ತಲಿತ್ತು. ಮ್ಯಾಲಾಗಿ, ಮರಿ ತಂದಾವ್ರಿಗೆ ನೀವು ಬುದ್ಧಿ ಹೇಳ್ತೀರಿ ಅಂತ ಮಂದಿ ಅಂತಿದ್ರು. ನಾ ಬಿಟ್ಟು ಹೋಗಲಿಲ್ರಿ, ತಂದು ಇಟ್ಟು ಹೋದ್ನಿ.”

“ಇಷ್ಟು ದಿನ ಯಾಕ ಹೇಳಲಿಲ್ಲವ್ವಾ?”

“ನೀವು ಕಟ್ಟಿ ಮ್ಯಾಲೆ ನಿಂತು ಕೈ ಸೇದಿಹೋಗ್ಲಿ ಅಂತಿದ್ರಿ. ಹ್ಯಾಂಗ ಹೇಳ್ಲಿ?”

ಆಗ ನನಗೆ ಆ ಸೀರೆಯ ತುಂಡು ನೆನಪಾಯಿತು. ಸಾಯಲೆಂದು ಬಿಡುವವರು ನಾಲ್ಕು ಮಡಿಕೆ ಹಾಸಿಗೆ ಹಾಕುವುದಿಲ್ಲ. ಉಸಿರಾಡಲೆಂದು ಹುರಿಯನ್ನು ಸಡಿಲ ಬಿಡುವುದಿಲ್ಲ. ಅದೆಲ್ಲ ನನ್ನ ಕಣ್ಣೆದುರಿಗೇ ಇತ್ತು. ಕುಂತಿಯೂ ಪೆಟ್ಟಿಗೆಯೊಳಗೆ ಮೆತ್ತಗೆ ಏನನ್ನಾದರೂ ಹಾಸಿದ್ದಿರಬೇಕು. ಕೊಲ್ಲುವುದಕ್ಕೂ ಬಿಡುವುದಕ್ಕೂ ಭೇದವನ್ನು ಅಷ್ಟು ಜಾಣತನದಿಂದ ತೂಗಿದ ನಾನು, ಬಿಡುವುದಕ್ಕೂ ಒಪ್ಪಿಸುವುದಕ್ಕೂ ಇರುವ ಭೇದವನ್ನು ನೋಡಲಿಲ್ಲ. ಇನ್ನೊಂದು ಲೆಕ್ಕವೂ ಉಳಿಯಿತು. ಆಕೆ ಹಾಲು ಹಾಕಲು ಹೊರಡುವುದು ಐದಕ್ಕೆ. ನಾನು ಬಾಗಿಲು ತೆಗೆದದ್ದು ಏಳಕ್ಕೆ. ಎರಡು ಗಂಟೆ ಆ ಚೀಲ ಗಾಳಿಯಲ್ಲಿತ್ತು. ನನ್ನ ಉಪದೇಶದ ಭಯವಿಲ್ಲದಿದ್ದರೆ ಆಕೆ ಬಾಗಿಲು ಬಡಿಯುತ್ತಿದ್ದಳು. ಚೀಲದ ಅಂಚಿನಲ್ಲಿದ್ದ ಮರಿಗೆ ಆ ಎರಡು ಗಂಟೆ ಎಷ್ಟು ದೊಡ್ಡದಾಗಿತ್ತೆಂದು ನಾನು ಬಲ್ಲೆ, ಮೇಲೆ ಬರೆದಿದ್ದೇನೆ.

ಮರಿಗಳಲ್ಲಿ ಒಂದನ್ನು ಆಕೆಯೇ ಒಯ್ದಳು. ಆರು ತಿಂಗಳಾಗುವ ಮೊದಲೇ ಸಂತಾನ ನಿಲ್ಲುವ ಶಸ್ತ್ರಕ್ರಿಯೆಗೆ ತರಬೇಕೆಂದೂ, ಖರ್ಚು ನನ್ನದೆಂದೂ ಮಾತಾಗಿದೆ. ಹೀಗಾದರೆ ಮುಂದಿನ ಚೀಲಗಳಾದರೂ ಕಡಮೆಯಾದಾವು. ಒಂದು ಕಾಳಿನ ಅಂಗಡಿಗೆ ಹೋಯಿತು. ಮತ್ತೊಂದು ಈಗ ನನ್ನ ಬರಹದ ಹಾಳೆಯ ಮೇಲೆ ಮಲಗಿದೆ. ಸೀರೆಯ ತುಂಡನ್ನು ಹೆಂಡತಿ ಒಗೆದು ಒಣಗಿಸಿ ಕೊಟ್ಟಾಗ ಹಾಲಿನಾಕೆ ಬೇಡವೆಂದಳು: “ಇರ್ಲಿ ಅಕ್ಕಾರ, ಮುಂದಿನಾವಕ್ಕ ಬೇಕಾಕೈತಿ.”

ಕಳೆದ ವಾರ ಬಾಗಿಲಿಗೆ ಒಂದು ಕರೆಗಂಟೆ ಹಾಕಿಸಿದ್ದೇನೆ. ಕೆಳಗೆ ಬರೆದು ಅಂಟಿಸಿದೆ: ‘ಎಷ್ಟು ಹೊತ್ತಿಗಾದರೂ ಬಾರಿಸಿರಿ. ಏನೂ ಕೇಳುವುದಿಲ್ಲ.’ ಎರಡನೆಯ ವಾಕ್ಯವನ್ನು ಸೇರಿಸಿದವಳು ನನ್ನ ಹೆಂಡತಿ.